ಅಪೊಲೀನಳ ಮುಖದ ಹಸಿರು

ಮದಾಮ್ ಬ್ರಿಸೋ ಅವರ ಬಟ್ಟೆ ಹೂವಿನ ಕಾರ್ಖಾನೆಗೆ ನಾನು ಸೇರಿದಾಗ ಅಪೊಲೀನ್ ಪೆರೋ ಅಲ್ಲಿ ಎಲೆ ಮೇಜಿನ ಹಿರಿಯಾಳು. ಹಿರಿಯಾಳು ಅಂದರೆ ವಯಸ್ಸಾದವಳೇನಲ್ಲ, ಇನ್ನೂ ಮೂವತ್ತರ ಆಸುಪಾಸು. ಆದರೆ ಎಲೆ ಮೇಜಿನಲ್ಲಿ ಬಹಳ ಕಾಲ ನಿಲ್ಲುವವರು ಕಡಿಮೆ. ಗುಲಾಬಿ ಮಾಡುವವರು, ನೇರಳೆ ಹೂ ಮಾಡುವವರು ಬೀದಿ ಕಡೆಯ ಕಿಟಕಿಗಳ ಬಳಿ ಹಾಡಿಕೊಂಡು ಕೂರುತ್ತಿದ್ದರು. ಎಲೆಯವರು ಒಳಗಿನ ಕೋಣೆಯಲ್ಲಿ, ಕಿಟಕಿ ಮುಚ್ಚಿಕೊಂಡು. ಗಾಳಿ ಬಂದರೆ ಪುಡಿ ಹಾರಿಹೋಗುತ್ತದಲ್ಲ. ಎಲೆಯ ಆಕಾರಕ್ಕೆ ಕತ್ತರಿಸಿದ ಬಟ್ಟೆಗೆ ಮೇಣ ಸವರಿ, ಅದರ ಮೇಲೆ ಹಸಿರು ಪುಡಿ ಉದುರಿಸಿ, ಬೆರಳಿನಿಂದ ತಟ್ಟಿ ತಟ್ಟಿ ಅಂಟಿಸಬೇಕು. ಹಾಗೆ ಮಾಡಿದ ಎಲೆ ಆಗತಾನೇ ಮಳೆಯಲ್ಲಿ ತೊಳೆದು ಬಂದಂತೆ ಹೊಳೆಯುತ್ತಿತ್ತು. ಪ್ಯಾರಿಸ್ಸಿನ ದೊಡ್ಡ ಮನೆಯ ಹೆಂಗಸರು ಟೋಪಿಗೂ ತುರುಬಿಗೂ ಅದನ್ನೇ ಬಯಸುತ್ತಿದ್ದರು.

ಆ ಪುಡಿಯಲ್ಲಿ ಪಾಷಾಣ ಇದೆ ಎಂಬುದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ಮೂಗಿನ ಹೊಳ್ಳೆಯ ಸುತ್ತ ಹುಣ್ಣಾಗುತ್ತಿತ್ತು, ಉಗುರಿನ ಬುಡ ಕೀವು ಕಟ್ಟುತ್ತಿತ್ತು, ಎಷ್ಟು ನೀರು ಕುಡಿದರೂ ಬಾಯಾರಿಕೆ ಹೋಗುತ್ತಿರಲಿಲ್ಲ. ಕೆಲವರು ಬಿಟ್ಟು ಹೋದರು. ಉಳಿದವರಿಗೆ ಕೂಲಿ ಕೊಂಚ ಜಾಸ್ತಿ ಸಿಗುತ್ತಿತ್ತು. ನಾನು ಬಂದ ಮೊದಲ ದಿನವೇ ಅಪೊಲೀನ್ ನನ್ನ ಕೈಗಳನ್ನು ತಿರುವಿ ನೋಡಿ, ಮದಾಮ್ ಹತ್ತಿರ ಹೋಗಿ, ಈ ಹುಡುಗಿಯ ಬೆರಳು ಎಲೆಗೆ ತೀರಾ ಸಣ್ಣ, ಗುಲಾಬಿಗೆ ಹಾಕಿ ಎಂದಳು. ಬೆರಳು ಸಣ್ಣವೇನೂ ಇರಲಿಲ್ಲ. ಅವಳು ಹಾಗೆ ಹೇಳಿದ್ದರಿಂದ ನಾನು ಕಿಟಕಿಯ ಬಳಿ ಕೂತೆ, ಇವತ್ತಿಗೂ ಬದುಕಿದ್ದೇನೆ.

ಅವಳದು ಬೆಲ್ವಿಲ್ ಗುಡ್ಡದ ಮೇಲೆ, ಕಟ್ಟಡವೊಂದರ ತುತ್ತತುದಿಯಲ್ಲಿ, ಒಂದು ಕೋಣೆಯ ಮನೆ. ಗಂಡ ಗಾರೆ ಕೆಲಸದವನು. ಸಾವಿರದೆಂಟುನೂರ ಎಪ್ಪತ್ತೊಂದರ ಮೇ ತಿಂಗಳಲ್ಲಿ, ಪ್ಯಾರಿಸ್ಸಿನ ಬಡವರ ದಂಗೆ ಅಡಗಿಸಲು ಸರ್ಕಾರದ ಸೈನಿಕರು ನಮ್ಮ ಬೀದಿಗಳಿಗೆ ನುಗ್ಗಿದಾಗ ಬ್ರೆಡ್ಡು ತರಲು ಹೋದವನು ಮತ್ತೆ ಬರಲಿಲ್ಲ. ಹೆಣವೂ ಸಿಗಲಿಲ್ಲ. ಮಕ್ಕಳಿರಲಿಲ್ಲ. ಇದ್ದವಳು ತಾಯಿ ಪೆಲಾಜಿ, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯಲಾರದೆ ಮೇಲೆಯೇ ಉಳಿದುಬಿಟ್ಟ ಮುದುಕಿ. ನಾನು ಅದೇ ಕಟ್ಟಡದಲ್ಲಿ ಒಂದು ಮಹಡಿ ಕೆಳಗೆ ಬಾಡಿಗೆಗೆ ಬಂದೆ. ಭಾನುವಾರ ಅವರ ಮನೆಯಲ್ಲೇ ಕೋಸಿನ ಸಾರು, ಬ್ರೆಡ್ಡು. ಅಪೊಲೀನ್ ಹೆಚ್ಚು ಮಾತಿನವಳಲ್ಲ, ಆದರೆ ಆಡಿದ ಒಂದು ಮಾತಿಗೆ ಇಡೀ ಮೇಜು ನಗುತ್ತಿತ್ತು. ಅವಳು ಮಾತ್ರ ನಗುತ್ತಿರಲಿಲ್ಲ.

ಎಪ್ಪತ್ತಾರರ ವಸಂತದಲ್ಲಿ, ಪಟ್ಟಣದ ಇನ್ನೊಂದು ತುದಿಯ ಶ್ರೀಮಂತರ ಬಡಾವಣೆ ಪಾಸ್ಸಿಯ ಒಂದು ಮನೆಯಿಂದ ಮದುವೆಯ ಟೋಪಿಗಳಿಗೆ ಹೂವು ಬೇಕೆಂದು ಬೇಡಿಕೆ ಬಂತು. ಕೊಂಡೊಯ್ಯುವ ಹುಡುಗಿಗೆ ಜ್ವರವಿದ್ದುದರಿಂದ ಮದಾಮ್ ಡಬ್ಬಿಯನ್ನು ಅಪೊಲೀನಳ ಕೈಗೆ ಕೊಟ್ಟು ಕಳಿಸಿದರು. ಆ ಮನೆಯ ಮಗಳು ಮದ್ಮ್ವಾಜೆಲ್ ಕ್ಲೆಮಾನ್ಸ್ ದಾರ್ವಿಯೆ ಚಿತ್ರ ಬರೆಯುತ್ತಿದ್ದರು. ಅವರಂಥ ಸ್ಥಿತಿವಂತರಲ್ಲಿ ಹೆಣ್ಣುಮಕ್ಕಳು ಒಂದಷ್ಟು ಚಿತ್ರ ಬರೆಯುವುದು, ಪಿಯಾನೋ ನುಡಿಸುವುದು ರೂಢಿ. ಮದುವೆಯಾದ ಮೇಲೆ ಬಿಟ್ಟುಬಿಡುತ್ತಾರೆ. ಈಕೆ ಬಿಡಲಿಲ್ಲ, ಮದುವೆಯನ್ನೂ ಆಗಲಿಲ್ಲ. ಗಂಡಸು ಚಿತ್ರಕಾರರಂತೆ ಕಾಫಿ ಅಂಗಡಿಗಳಲ್ಲಿ ಕೂರುವಂತಿರಲಿಲ್ಲ, ಬೀದಿಯಲ್ಲಿ ಒಬ್ಬರೇ ನಿಂತು ಬರೆಯುವಂತಿರಲಿಲ್ಲ. ಹಾಗಾಗಿ ಮನೆಗೆ ಬಂದುಹೋಗುವವರನ್ನೇ ಬರೆಯುತ್ತಿದ್ದರು. ಅಪೊಲೀನ್ ಡಬ್ಬಿಯ ಮುಚ್ಚಳ ತೆಗೆದು, ಎಲೆಗಳು ನಲುಗಿಲ್ಲ ತಾನೇ ಎಂದು ಬಾಗಿ ನೋಡುತ್ತಿದ್ದಾಗ ಆಕೆ ಬಾಗಿಲಲ್ಲಿ ನಿಂತುಬಿಟ್ಟರಂತೆ. ಭಾನುವಾರಗಳಲ್ಲಿ ಬಂದು ಕೂರುತ್ತೀರಾ ಎಂದು ಕೇಳಿದರಂತೆ.

ಈ ಸುದ್ದಿ ಕೇಳಿ ಪೆಲಾಜಿ ಅಮ್ಮ ಸೌಟು ಕೆಳಗಿಟ್ಟಳು.

“ಬಟ್ಟೆ ಹಾಕ್ಕೊಂಡೋ, ಬಿಚ್ಚಿಯೋ?”

“ಹಾಕ್ಕೊಂಡೇ ಅಮ್ಮ. ಇರೋದು ಒಂದೇ ಕರಿ ಉಡುಪು, ಅದನ್ನೂ ಬಿಚ್ಚಿಸಿದ್ರೆ ಅವರಿಗೇನು ಸಿಗತ್ತೆ,” ಎಂದಳು ಅಪೊಲೀನ್.

ಆದರೂ ಮುದುಕಿ ಒಪ್ಪಲಿಲ್ಲ. ಕೊನೆಗೆ ನಾನೂ ಜೊತೆಗೆ ಹೋಗುವುದು ಎಂದಾಯಿತು. ಹಾಗೆ ಆ ಬೇಸಿಗೆಯೆಲ್ಲ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಕುದುರೆ ಬಂಡಿಯ ಮೇಲಿನ ಅಟ್ಟದಲ್ಲಿ ಕೂತು ಪಟ್ಟಣದ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದೆವು.

ಮದ್ಮ್ವಾಜೆಲ್ ಕ್ಲೆಮಾನ್ಸ್ ಮೊದಲ ದಿನ ತಮ್ಮದೊಂದು ತಿಳಿ ಬಣ್ಣದ ರೇಷ್ಮೆ ಉಡುಪನ್ನು ಅವಳಿಗೆ ತೊಡಿಸಿ, ಸ್ವಲ್ಪ ಹೊತ್ತು ನೋಡಿ, ಬೇಡವೆಂದು ತೆಗೆಸಿದರು. ಅವಳದೇ ಕರಿ ಉಡುಪು, ಬಿಳಿ ಕಾಲರು. ಊಟದ ಕೋಣೆಯ ಕಿಟಕಿಯ ಪಕ್ಕ ಹುಲ್ಲಿನ ಕುರ್ಚಿ. ಕಿಟಕಿಯಾಚೆ ತೋಟ. ತೋಟದ ದೊಡ್ಡ ಚೆಸ್ಟ್‌ನಟ್ ಮರ ತನ್ನ ಎಲೆಯನ್ನೆಲ್ಲ ಕಿಟಕಿಯ ಗಾಜಿಗೇ ಒತ್ತಿಕೊಂಡು ನಿಂತಿತ್ತು. ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಕಾಲುಚೀಲ ಹೆಣೆಯುತ್ತಿದ್ದೆ. ಮದ್ಮ್ವಾಜೆಲ್ ಅವರ ತಾಯಿ ಆಗಾಗ ಬಂದು ಇಣುಕಿ, ನೆಲಕ್ಕೆ ಬಣ್ಣ ಬಿದ್ದಿದೆಯೇ ಎಂದು ನೋಡಿ ಹೋಗುತ್ತಿದ್ದರು.

ಅಪೊಲೀನ್ ಹುಣ್ಣಾದ ಬೆರಳುಗಳನ್ನು ಮಡಿಲಲ್ಲಿ ಒಂದರೊಳಗೊಂದು ಮುಚ್ಚಿಟ್ಟುಕೊಂಡೇ ಕೂರುತ್ತಿದ್ದಳು. ಮದ್ಮ್ವಾಜೆಲ್ ಕೈ ತೋರಿಸಿ ಎಂದು ಒಮ್ಮೆಯೂ ಹೇಳಲಿಲ್ಲ. ಚಿತ್ರದಲ್ಲಿ ಕೈಗಳ ಜಾಗದಲ್ಲಿ ಒಂದೆರಡು ಗೀರು ಎಳೆದು ಬಿಟ್ಟರು. ಕಣ್ಣನ್ನು ಕಿರಿದು ಮಾಡಿ, ಹಿಂದೆ ಹೋಗಿ, ಮುಂದೆ ಬಂದು ಅವರು ಮತ್ತೆ ಮತ್ತೆ ನೋಡುತ್ತಿದ್ದದ್ದು ಮುಖವನ್ನು.

“ಕದಲಬೇಡಿ ಅಪೊಲೀನ್, ಹಾಗೇ ಇರಿ. ಕಣ್ಣಿನ ಕೆಳಗೆ ಒಂದು ಹಸಿರಿದೆ, ಬಾಯಿ ಸುತ್ತಾನೂ ಇದೆ. ಎಷ್ಟು ಚೆನ್ನಾಗಿದೆ ಗೊತ್ತಾ? ಆ ಮರ ನಿಮ್ಮ ಮುಖದ ಮೇಲೆ ಬಂದು ಕೂತಿದೆ.”

ಅಪೊಲೀನ್ ನನ್ನ ಕಡೆ ಒಂದು ನೋಟ ಬೀರಿದಳು. ದೊಡ್ಡ ಮನೆಯವರು ನಮ್ಮ ಮುಖದ ಬಗ್ಗೆ ಏನೋ ಹೇಳಿದರೆ ಅದಕ್ಕೆ ಉತ್ತರ ಕೊಡುವ ಅಭ್ಯಾಸ ನಮಗಿರಲಿಲ್ಲ.

ಅವಳಿಗೆ ಆ ಭಾನುವಾರಗಳೆಂದರೆ ಪ್ರಾಣ. ಯಾಕೆ ಎಂದು ನಾನು ಕೇಳಿದ್ದೆ, ಬಂಡಿಯಲ್ಲಿ ವಾಪಸು ಬರುತ್ತಾ. ಹುಟ್ಟಿದಾಗಿನಿಂದ ಯಾರೂ ತನಗೆ ಸುಮ್ಮನೆ ಕೂತಿರು ಅಂದವರಿಲ್ಲ ಎಂದಳು. ಅಲ್ಲಿ ಸುಮ್ಮನೆ ಕೂತಿರುವುದೇ ಕೆಲಸ. ಗಂಡನನ್ನು ನೆನೆಸಿಕೊಳ್ಳಲು ಸಮಯ ಸಿಗುತ್ತದೆ, ಅವನ ಮುಖ ಮರೆತುಹೋಗುತ್ತಿತ್ತು, ಆ ಕುರ್ಚಿಯಲ್ಲಿ ಮತ್ತೆ ಬರುತ್ತಿದೆ ಎಂದಳು. ಗಂಡನ ಬಗ್ಗೆ ಅವಳು ನನ್ನೊಡನೆ ಮಾತಾಡಿದ್ದು ಅದೊಂದೇ ಸಲ.

ಚಿತ್ರ ಮುಗಿಯಿತು ಎಂದ ದಿನ ಮದ್ಮ್ವಾಜೆಲ್ ಅದನ್ನು ನಮ್ಮ ಕಡೆ ತಿರುಗಿಸಿದರು. ಹತ್ತಿರದಿಂದ ನೋಡಿದರೆ ಬರೀ ಗೀರುಗಳು, ಹಸಿರು, ಬೂದು, ಒಂದಿಷ್ಟು ನೀಲಿ. ಬಾಗಿಲ ತನಕ ಹಿಂದೆ ಸರಿದು ನೋಡಿದೆ. ಅಪೊಲೀನ್ ಕೂತಿದ್ದಳು. ಈಗ ಎದ್ದು ಹೋಗುತ್ತಾಳೆ ಅನ್ನುವ ಹಾಗೆ ಕೂತಿದ್ದಳು. ಅವಳು ನಿಜವಾಗಿಯೂ ಯಾವಾಗಲೂ ಹಾಗೇ ಕೂರುವುದು. ಮದ್ಮ್ವಾಜೆಲ್ ಹೇಗಿದೆ ಎಂದು ಕೇಳಿದಾಗ ಅಪೊಲೀನ್ ತನ್ನ ಕೊರಳು ಮುಟ್ಟಿಕೊಂಡು, ಕಾಲರು ಚೆನ್ನಾಗಿ ಬಂದಿದೆ ಎಂದಳು.

ಮರುವರ್ಷ ಏಪ್ರಿಲ್‌ನಲ್ಲಿ ಚಿತ್ರ ಪ್ರದರ್ಶನಕ್ಕೆ ಹೋಯಿತು. ಸರ್ಕಾರದ ದೊಡ್ಡ ಪ್ರದರ್ಶನದ ಪಂಡಿತರಿಗೆ ಒಪ್ಪಿಗೆಯಾಗದ ಕೆಲವರು ತಾವೇ ಒಂದು ಮನೆ ಬಾಡಿಗೆಗೆ ಹಿಡಿದು ತಮ್ಮ ಚಿತ್ರಗಳನ್ನು ತೂಗುಹಾಕಿದ್ದರು. ಜನ ಅಲ್ಲಿಗೆ ನಗುವುದಕ್ಕೆಂದೇ ಬರುತ್ತಿದ್ದರು. ಮದ್ಮ್ವಾಜೆಲ್ ನಮಗಿಬ್ಬರಿಗೂ ಚೀಟಿ ಕಳಿಸಿದ್ದರು. ನಾವು ಟೋಪಿಗೆ ನಮ್ಮ ಕೈಯಿಂದಲೇ ಮಾಡಿದ ಹೂವು ಸಿಕ್ಕಿಸಿಕೊಂಡು ಹೋದೆವು.

ಚಿತ್ರದ ಕೆಳಗೆ ಅವಳ ಹೆಸರಿರಲಿಲ್ಲ, “ಕಿಟಕಿಯ ಬಳಿ ಹೆಂಗಸು” ಎಂದಿತ್ತು. ಅದರ ಮುಂದೆ ಗುಂಪು ಸೇರಿತ್ತು. ಬೆತ್ತ ಹಿಡಿದ ಒಬ್ಬ ದಪ್ಪ ಮನುಷ್ಯ ತನ್ನ ಹೆಂಡತಿಗೆ, ಈಕೆಯನ್ನು ಪಾಲಕ್ ಸೊಪ್ಪು ಬೇಯಿಸಿದ ನೀರಿನಲ್ಲಿ ಅದ್ದಿ ತೆಗೆದಿದ್ದಾರೆ ಎಂದ. ಇನ್ನೊಬ್ಬ, ಇಲ್ಲ, ನದಿಯಿಂದ ಎತ್ತಿದ ಹೆಣ, ಮೂರು ದಿನ ಆಗಿದೆ ಎಂದ. ಹೆಂಗಸರು ಕರವಸ್ತ್ರ ಬಾಯಿಗಿಟ್ಟುಕೊಂಡು ನಕ್ಕರು. ಅಪೊಲೀನ್ ಅವರ ನಡುವೆಯೇ, ಅದೇ ಕರಿ ಉಡುಪಿನಲ್ಲಿ, ಅದೇ ಕಾಲರಿನಲ್ಲಿ ನಿಂತಿದ್ದಳು. ಒಬ್ಬರೂ ಅವಳನ್ನು ಗುರುತಿಸಲಿಲ್ಲ.

“ನಾನು ಸತ್ತು ಮೂರು ದಿನ ಆಯ್ತಂತೆ ಕಣೆ ಮೆಲಾನಿ,” ಎಂದಳು ನನ್ನ ಕಿವಿಯಲ್ಲಿ. “ಬ್ರಿಸೋಗೆ ಹೇಳ್ಬೇಡ, ಆ ಮೂರು ದಿನದ ಕೂಲಿ ಹಿಡ್ಕೋತಾಳೆ.”

ನಾನು ನಕ್ಕೆ. ಹೊರಗೆ ಬಂದ ಮೇಲೆ ನೋಡಿದರೆ ಅವಳು ಟೋಪಿಯ ಬಲೆಯ ಪರದೆಯನ್ನು ಗಲ್ಲದ ತನಕ ಇಳಿಸಿಕೊಂಡಿದ್ದಳು. ಮನೆ ಸೇರುವ ತನಕ ಎತ್ತಲಿಲ್ಲ.

ಪತ್ರಿಕೆಯೊಂದರಲ್ಲೂ ಆ ಪಾಲಕ್ ಮಾತು ಬಂತು. ಯಾರೋ ಅದನ್ನು ಕಾರ್ಖಾನೆಗೆ ತಂದರು. ಗುಲಾಬಿ ಮೇಜಿನ ಹುಡುಗಿಯರು ಒಂದು ವಾರ ಅವಳನ್ನು ಪಾಲಕ್ ರಾಣಿ ಎಂದು ಕರೆದರು. ಮದಾಮ್ ಬ್ರಿಸೋಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ. ಅಪೊಲೀನಳನ್ನು ಒಳಗೆ ಕರೆದು, ಹೂವಿನವಳ ಮುಖ ಹಸಿರಾಗಿದೆ ಎಂದು ಊರಲ್ಲೆಲ್ಲ ತೋರಿಸಿಕೊಂಡು ಬಂದರೆ ಕಾರ್ಖಾನೆಗೆ ಏನು ಗೌರವ ಎಂದು ಗದರಿದರು. ಪತ್ರಿಕೆಯವರು ನಕ್ಕಿದ್ದು ಚಿತ್ರ ಬರೆದವರ ಕಣ್ಣಿಗೆ. ಮದಾಮ್ ಬ್ರಿಸೋ ಹೆದರಿದ್ದು ಮುಖಕ್ಕೆ.

ಪಾಸ್ಸಿಯಲ್ಲೂ ನೆಮ್ಮದಿ ಇರಲಿಲ್ಲ. ಚಿತ್ರ ಮಾರಾಟವಾಗದೆ ವಾಪಸು ಬಂತು. ತಾಯಿ ದಿನಾ ಅಳುತ್ತಿದ್ದರಂತೆ, ಆ ಹಸಿರನ್ನಾದರೂ ಅಳಿಸು, ಮನುಷ್ಯರ ಮೈ ಬಣ್ಣ ಹಾಕು, ನೆಂಟರ ಮುಂದೆ ತಲೆ ಎತ್ತುವ ಹಾಗಿಲ್ಲ ಎಂದು. ಮದ್ಮ್ವಾಜೆಲ್ ಒಪ್ಪಲಿಲ್ಲ. ಕಂಡದ್ದನ್ನು ಬರೆದಿದ್ದೇನೆ ಎಂದರು. ಆದರೆ ಎಲ್ಲರೂ ನಕ್ಕ ಮೇಲೆ ಅವರಿಗೂ ಒಳಗೆ ಅನುಮಾನ ಹುಟ್ಟಿರಬೇಕು. ಚಳಿಗಾಲದಲ್ಲಿ, ಮರದ ನೆರಳಿಲ್ಲದಾಗ, ಇನ್ನೊಂದು ಚಿತ್ರ ಶುರು ಮಾಡುತ್ತೇನೆ, ಬನ್ನಿ ಎಂದು ಹೇಳಿಕಳಿಸಿದರು.

ಅಷ್ಟರಲ್ಲಿ ಅಪೊಲೀನ್ ಬಹಳ ಇಳಿದುಹೋಗಿದ್ದಳು. ತಿಂದದ್ದು ನಿಲ್ಲುತ್ತಿರಲಿಲ್ಲ. ಕೈ ನಡುಗುತ್ತಿತ್ತು. ನಾನು, ಪೆಲಾಜಿ ಅಮ್ಮ ಇಬ್ಬರೂ ಕೆಲಸ ಬಿಡು ಎಂದು ಎಷ್ಟೋ ಸಲ ಹೇಳಿದ್ದೆವು. ಬಿಟ್ಟು ಎಲ್ಲಿಗೆ ಹೋಗಲಿ ಎಂದು ಅವಳು ಕೇಳುತ್ತಿದ್ದಳು. ಗುಲಾಬಿ ಮೇಜಿಗೆ ಹಾಕಿ ಎಂದು ಅವಳೇ ಒಮ್ಮೆ ಕೇಳಿಕೊಂಡಿದ್ದಳು. ಈ ನಡುಗುವ ಕೈಯಲ್ಲಿ ದಳ ಸುರುಳಿ ಮಾಡುತ್ತೀಯಾ ಎಂದಿದ್ದರು ಮದಾಮ್.

ಜನವರಿಯ ಆ ಭಾನುವಾರ ಹಿಮ ಬಿದ್ದಿತ್ತು. ಚೆಸ್ಟ್‌ನಟ್ ಮರದಲ್ಲಿ ಒಂದು ಎಲೆಯೂ ಇರಲಿಲ್ಲ. ತೋಟದ ಹಿಮದ ಬೆಳಕು ಕೋಣೆಯೊಳಕ್ಕೆ ಬೆಳ್ಳಗೆ ಬರುತ್ತಿತ್ತು. ಮದ್ಮ್ವಾಜೆಲ್ ಅವಳನ್ನು ಅದೇ ಕುರ್ಚಿಯಲ್ಲಿ ಕೂರಿಸಿ, ಚೌಕಟ್ಟಿಗೆ ಬಿಗಿದ ಹೊಸ ಬಟ್ಟೆಯ ಮೇಲೆ ಚಿತ್ರ ಶುರು ಮಾಡಿದರು. ಬೂದು ಹಾಕಿದರು, ಬಿಳಿ ಹಾಕಿದರು. ಆಮೇಲೆ ಕುಂಚ ಹಸಿರಿಗೆ ಹೋಯಿತು. ಅವರು ಅದನ್ನು ಚಿತ್ರದ ಮುಖಕ್ಕೆ ತಾಗಿಸುವ ಮೊದಲೇ ಕೈ ತಡೆದು ನಿಂತುಬಿಟ್ಟರು.

ಕಿಟಕಿಯ ಹೊರಗೆ ನೋಡಿದರು. ಅಪೊಲೀನಳನ್ನು ನೋಡಿದರು. ಹೋಗಿ ಪರದೆ ಎಳೆದು, ದೀಪ ತರಿಸಿ, ಅವಳ ಮುಖದ ಹತ್ತಿರ ಹಿಡಿದರು. ಆಮೇಲೆ ತಮ್ಮ ಕರವಸ್ತ್ರವನ್ನು ನೀರಿನಲ್ಲಿ ಅದ್ದಿ, ಮಗುವಿನ ಮುಖ ಒರೆಸುವ ಹಾಗೆ ಅವಳ ಕಣ್ಣಿನ ಕೆಳಗೆ ಒರೆಸಿದರು. ಅಪೊಲೀನ್ ಮುಖ ಕೊಟ್ಟುಕೊಂಡು ಕೂತಿದ್ದಳು. ಕರವಸ್ತ್ರಕ್ಕೆ ಏನೂ ಹತ್ತಲಿಲ್ಲ.

ನೀವು ಕಾರ್ಖಾನೆಯಲ್ಲಿ ಏನು ಮಾಡುತ್ತೀರಿ ಎಂದು ಆಗ ಕೇಳಿದರು. ಅಷ್ಟು ದಿನ ಕೇಳಿರಲಿಲ್ಲ. ಹೂವು ಎಂದಷ್ಟೇ ಅವರಿಗೆ ಗೊತ್ತಿದ್ದದ್ದು. ಎಲೆ ಎಂದಳು ಅಪೊಲೀನ್. ಪುಡಿಯ ವಿಷಯ ಹೇಳಿದಳು. ಮದ್ಮ್ವಾಜೆಲ್ ತಮ್ಮ ಬಣ್ಣದ ಹಲಗೆಯ ಮೇಲಿನ ಹಸಿರನ್ನು ನೋಡಿದರು. ಅದೇ ಹಸಿರು. ಬಣ್ಣದ ಅಂಗಡಿಯವನು ಅದರಲ್ಲಿ ಪಾಷಾಣವಿದೆ, ಕುಂಚ ಬಾಯಿಗಿಡಬೇಡಿ ಎಂದು ಪ್ರತಿ ಸಲವೂ ಅವರನ್ನು ಎಚ್ಚರಿಸಿ ಕೊಡುತ್ತಿದ್ದನಂತೆ. ಅವರು ಹಲಗೆಯನ್ನು ಕೆಳಗಿಟ್ಟು ಕೂತುಕೊಂಡರು.

“ನಿಮಗೆ ಇದು ಗೊತ್ತಿತ್ತಾ?”

“ಗೊತ್ತಿತ್ತು ಮದ್ಮ್ವಾಜೆಲ್.”

“ಮತ್ತೆ ಯಾಕೆ ಹೇಳ್ಲಿಲ್ಲ? ನಾನು ಬೇಸಿಗೆಯೆಲ್ಲ ಆ ಹಸಿರು, ಈ ಹಸಿರು ಅಂತಿದ್ನಲ್ಲ. ಒಂದು ಮಾತು ಹೇಳ್ಬಾರ್ದಿತ್ತಾ?”

ಅಪೊಲೀನ್ ನಿಜಕ್ಕೂ ಆಶ್ಚರ್ಯಪಟ್ಟಳು. “ನಿಮಗೂ ಗೊತ್ತಿದೆ ಅಂದ್ಕೊಂಡಿದ್ದೆ. ಅಷ್ಟು ಹೊತ್ತು ನೋಡ್ತಿದ್ರಲ್ಲ.”

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಮದ್ಮ್ವಾಜೆಲ್ ತಡೆದುಕೊಳ್ಳುತ್ತಿದ್ದರೋ ಏನೋ. ಅವರು ಎದ್ದು ಕೋಣೆಯಿಂದ ಹೊರಟುಹೋದರು. ಅಡುಗೆಯವಳು ಬಂದು ನಮಗೆ ಹಾಲು ಹಾಕಿದ ಕಾಫಿ ಕೊಟ್ಟು, ಇವತ್ತಿಗೆ ಇಷ್ಟೇ ಅಂತೆ ಎಂದಳು.

ಆ ವಾರವೇ ಅವರು ತಮ್ಮ ಮನೆಯ ವೈದ್ಯರನ್ನು ಬೆಲ್ವಿಲ್ ಗುಡ್ಡ ಹತ್ತಿಸಿದರು. ವೈದ್ಯರು ಉಗುರು ನೋಡಿದರು, ಹೊಟ್ಟೆ ಒತ್ತಿದರು, ಪುಡಿಯಿಂದ ದೂರವಿರಬೇಕು, ಹಾಲು ಕುಡಿಯಬೇಕು, ಒಳ್ಳೆಯ ಗಾಳಿ ಬೇಕು ಎಂದರು. ಮೆಟ್ಟಿಲಿಳಿಯುತ್ತಾ ನನ್ನ ಬಳಿ ಮಾತ್ರ, ಎರಡು ವರ್ಷ ಮುಂಚೆ ಕರೆದಿದ್ದರೆ ಎಂದು ಹೇಳಿ, ಮಾತು ಮುಗಿಸದೆ ಟೋಪಿ ಹಾಕಿಕೊಂಡರು. ಅಪೊಲೀನ್ ಕೆಲಸಕ್ಕೆ ಹೋಗದ ಮೊದಲ ಸೋಮವಾರವೇ ಮದಾಮ್ ಬ್ರಿಸೋ ಅವಳ ಜಾಗದಲ್ಲಿ ಹಳ್ಳಿಯಿಂದ ಬಂದ ಒಬ್ಬ ಹುಡುಗಿಯನ್ನು ಕೂರಿಸಿದ್ದರು. ಕೆಂಪು ಕೆನ್ನೆಯ ಹುಡುಗಿ. ನಾನು ಅವಳ ಕಡೆ ನೋಡಲಾರದೆ ತಲೆ ತಗ್ಗಿಸಿ ಗುಲಾಬಿ ಸುತ್ತಿದೆ.

ಮದ್ಮ್ವಾಜೆಲ್ ಅಪೊಲೀನಳನ್ನು ಪಾಸ್ಸಿಗೆ ಕರೆದೊಯ್ದರು. ಮನೆಯ ಬಟ್ಟೆ ಹೊಲಿಯಲು ಆಳು ಬೇಕು ಎಂಬ ನೆಪ. ಅವಳ ಕೈ ಸೂಜಿ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ ಎಂದು ಇಡೀ ಮನೆಗೆ ಗೊತ್ತಿತ್ತು. ತೋಟದ ಕಡೆಯ ಸಣ್ಣ ಕೋಣೆ ಕೊಟ್ಟರು. ಪೆಲಾಜಿ ಅಮ್ಮನ ಊಟ ತಿಂಡಿ ನಾನು ನೋಡಿಕೊಂಡೆ. ಭಾನುವಾರ ಪಾಸ್ಸಿಗೆ ಹೋಗಿ ಮಗಳ ಸುದ್ದಿ ತಂದು ಮುದುಕಿಗೆ ಹೇಳುತ್ತಿದ್ದೆ. ಒಳ್ಳೆಯದನ್ನು ಮಾತ್ರ ಹೇಳುತ್ತಿದ್ದೆ.

ಅಪೊಲೀನಳಿಗೆ ಅಲ್ಲಿ ಎಲ್ಲವೂ ಇತ್ತು, ಒಂದರ ಹೊರತು. ಮದ್ಮ್ವಾಜೆಲ್ ಅವಳ ಮುಖ ನೋಡುತ್ತಿರಲಿಲ್ಲ. ಸಾರು ತಂದುಕೊಡುತ್ತಿದ್ದರು, ದಿಂಬು ಸರಿಮಾಡುತ್ತಿದ್ದರು, ಮಾತಾಡುವಾಗ ಕಣ್ಣು ಮಾತ್ರ ಕಿಟಕಿಯ ಮೇಲೋ ಹೊದಿಕೆಯ ಮೇಲೋ. ಕುಂಚ ಮುಟ್ಟಿರಲಿಲ್ಲ. “ಆಗ ಅಷ್ಟು ನೋಡ್ತಿದ್ರು. ಈಗ ನನ್ನ ಮುಖದಲ್ಲಿ ದೆವ್ವ ಕೂತಿದೆ ಅನ್ನೋ ಹಾಗೆ ಮಾಡ್ತಾರೆ,” ಎಂದು ಅಪೊಲೀನ್ ನನ್ನೆದುರು ಹೇಳಿಕೊಂಡಳು. ಅದು ಅವಳನ್ನು ಕಾಯಿಲೆಗಿಂತ ಹೆಚ್ಚು ಬಾಧಿಸಿದ ಹಾಗಿತ್ತು.

ಫೆಬ್ರವರಿಯಲ್ಲಿ ಒಂದು ವಿಚಿತ್ರ ನಡೆಯಿತು. ಯಾರೋ ಶ್ರೀಮಂತರು, ಹಿಂದಿನ ವರ್ಷದ ಪ್ರದರ್ಶನದಲ್ಲಿ ಆ ಚಿತ್ರವನ್ನು ಕಂಡು ಮರೆಯಲಾರದೆ ಹೋದವರು, ಅದನ್ನು ಕೊಳ್ಳುತ್ತೇನೆಂದು ಹೇಳಿಕಳಿಸಿದರು. ಏನೂ ಬದಲಿಸಬೇಡಿ, ಆ ಹಸಿರಿಗಾಗಿಯೇ ಬೇಕು ಎಂದಿದ್ದರಂತೆ. ಅದು ಮದ್ಮ್ವಾಜೆಲ್ ಬರೆದ ಚಿತ್ರಗಳಲ್ಲೆಲ್ಲ ಒಳ್ಳೆಯದು ಎಂದು ಅವರ ಗೆಳೆಯ ಚಿತ್ರಕಾರರೂ ಈಗ ಹೇಳತೊಡಗಿದ್ದರು. ಮದ್ಮ್ವಾಜೆಲ್ ಆ ಚಿತ್ರ ಎತ್ತಿಕೊಂಡು ಅಪೊಲೀನಳ ಕೋಣೆಗೆ ಬಂದರು. ನಾನು ಅಲ್ಲೇ ಇದ್ದೆ. ಮಾರುವ ಮೊದಲು ನಿಮ್ಮನ್ನು ಕೇಳಬೇಕು ಅನ್ನಿಸಿತು, ಬೇಡ ಎಂದರೆ ಮಾರುವುದಿಲ್ಲ, ಬೇಕಿದ್ದರೆ ಸುಟ್ಟುಬಿಡುತ್ತೇನೆ ಎಂದರು.

ಅಪೊಲೀನ್ ದಿಂಬಿಗೊರಗಿ ಬಹಳ ಹೊತ್ತು ಚಿತ್ರ ನೋಡಿದಳು.

“ಮಾರೋದು ಬೇಡ, ಸುಡೋದೂ ಬೇಡ,” ಎಂದಳು. “ಅದನ್ನ ಸರಿ ಮಾಡಿಕೊಡ್ತೀರಾ?”

“ಸರಿ ಅಂದ್ರೆ?”

“ಮುಖಕ್ಕೆ ಒಳ್ಳೆ ಬಣ್ಣ ಹಾಕಿ. ಗುಲಾಬಿ. ಮದುವೆಯಾದಾಗ ನನಗೆ ಒಳ್ಳೆ ಬಣ್ಣ ಇತ್ತು, ಅಮ್ಮನ್ನ ಕೇಳಿ ಬೇಕಾದ್ರೆ. ಕೈಯನ್ನೂ ಬರೀರಿ, ಬೆರಳಿರೋ ಕೈ. ಎಲ್ಲಾದ್ರೂ ಒಂದು ಕಡೆ ನಾನು ಚೆನ್ನಾಗಿರ್ಲಿ ಮದ್ಮ್ವಾಜೆಲ್.”

ಮದ್ಮ್ವಾಜೆಲ್‌ರ ಮುಖ ನಾನು ನೋಡಿದೆ. ಊರೆಲ್ಲ ನಕ್ಕಾಗ ಅವರು ಅದನ್ನು ಮುಟ್ಟಿರಲಿಲ್ಲ, ತಾಯಿ ಅತ್ತಾಗ ಮುಟ್ಟಿರಲಿಲ್ಲ. ಈಗ ಅದನ್ನು ಹಾಗೇ ಬಯಸುವವರೊಬ್ಬರು ಸಿಕ್ಕಿದ್ದರು. ಆದರೂ ಅವರು ಚಿತ್ರವನ್ನು ಗೋಡೆಗೆ ಒರಗಿಸಿ ಬಣ್ಣದ ಪೆಟ್ಟಿಗೆ ತರಲು ಹೋದರು.

ಎರಡು ವಾರ ಅವರು ಆ ಹಾಸಿಗೆಯ ಪಕ್ಕ ಕೂತು ಬರೆದರು. ಈಗ ಮತ್ತೆ ಅವಳ ಮುಖ ನೋಡಲೇಬೇಕಾಯಿತು. ನೋಡಿದ್ದು ಒಂದು, ಬರೆದದ್ದು ಇನ್ನೊಂದು. ಅಪೊಲೀನ್ ಮಾತಿನಲ್ಲಿ ಹೇಳುತ್ತಿದ್ದಳು, ಕೆನ್ನೆ ಇನ್ನೂ ಸ್ವಲ್ಪ ತುಂಬಿಕೊಂಡಿತ್ತು, ತುಟಿ ಇನ್ನೂ ಕೆಂಪಗಿತ್ತು ಎಂದು. ಅವರು ಹೇಳಿದ ಹಾಗೆ ಹಾಕುತ್ತಿದ್ದರು. ಒಂದು ದಿನ ನಾನು ಹೋದಾಗ ಇಬ್ಬರೂ ನಗುತ್ತಿದ್ದರು. ಬೆರಳಿಗೆ ಮಾಣಿಕ್ಯದ ಉಂಗುರ ಒಂದನ್ನು ಹಾಕಿಬಿಡಿ, ಗಂಡ ಕೊಡಿಸುತ್ತೇನೆ ಅಂದಿದ್ದ, ಬಾಕಿ ಉಳಿದಿದೆ ಎಂದಿದ್ದಳಂತೆ ಅಪೊಲೀನ್. ಅದನ್ನೂ ಹಾಕಿದ್ದರು.

ಮುಗಿದ ಚಿತ್ರ ಟೋಪಿ ಅಂಗಡಿಯ ಗಾಜಿನಲ್ಲಿ ನಿಲ್ಲಿಸುವ ಬೊಂಬೆಯ ಹಾಗಿತ್ತು. ಗುಂಡು ಕೆನ್ನೆ, ನುಣುಪು ಕೈ, ಹಸನ್ಮುಖಿ. ಎದ್ದು ಹೋಗುವ ಹಾಗೆ ಕೂತಿದ್ದವಳು ಈಗ ಎಂದೂ ಏಳದ ಹಾಗೆ ಕೂತಿದ್ದಳು. ಚಿತ್ರದ ವಿಷಯ ಏನೂ ತಿಳಿಯದ ನನಗೂ ಅದು ಸತ್ತುಹೋಯಿತು ಎಂದು ಗೊತ್ತಾಯಿತು. ಅಪೊಲೀನಳ ಕಣ್ಣಲ್ಲಿ ನೀರು ಬಂತು. ಇದು ನಾನು, ನೋಡೇ ಮೆಲಾನಿ, ಇದು ನಾನು ಎಂದಳು. ಮದ್ಮ್ವಾಜೆಲ್ ಕುಂಚಗಳನ್ನು ಒರೆಸುತ್ತಾ, ಹೌದು, ಚೆನ್ನಾಗಿ ಬಂದಿದೆ ಎಂದರು. ಶ್ರೀಮಂತರಿಗೆ ಚಿತ್ರ ಹಾಳಾಯಿತು, ಕ್ಷಮಿಸಿ ಎಂದು ಹೇಳಿಕಳಿಸಿದರು.

ಮಾರ್ಚ್ ಮುಗಿಯುವ ಮೊದಲು ಅಪೊಲೀನ್ ತೀರಿಕೊಂಡಳು. ಕೊನೆಯ ದಿನಗಳ ನೋವು ನಾನು ಹೇಳುವುದಿಲ್ಲ. ಕಣ್ಣಿನ ಬಿಳಿ ಕೂಡ ಹಸಿರಾಗಿತ್ತು. ನೋಡಿದ್ದೆಲ್ಲ ಹಸಿರಾಗಿ ಕಾಣುತ್ತದೆ ಎನ್ನುತ್ತಿದ್ದಳು. ಮಣ್ಣಿಗೆ ನಾವು ಕೆಲವರು ಹೋದೆವು. ಕಾರ್ಖಾನೆಯ ಹುಡುಗಿಯರು ಬಿಳಿ ಗುಲಾಬಿಯ ಹಾರ ಮಾಡಿಕೊಟ್ಟಿದ್ದರು, ಎಲೆಯಿಲ್ಲದ ಹಾರ. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮದ್ಮ್ವಾಜೆಲ್ ಕ್ಲೆಮಾನ್ಸ್ ಗುಂಡಿಯ ಬಳಿ ಬರದೆ ಗೇಟಿನ ಹತ್ತಿರವೇ ನಿಂತಿದ್ದರು. ನನಗೆ ಅವರ ಮೇಲೆ ಸಿಟ್ಟಿತ್ತು. ಒಂದು ಬೇಸಿಗೆಯೆಲ್ಲ ನೋಡಿಯೂ ಕಾಣಲಿಲ್ಲವಲ್ಲ ಎಂಬ ಸಿಟ್ಟು. ಆದರೆ ಮದಾಮ್ ಬ್ರಿಸೋ ಎರಡು ಬೀದಿಯಾಚೆ ಇದ್ದವರು ಬರಲೇ ಇಲ್ಲ. ಈಕೆ ಕೆಸರು ತುಳಿದುಕೊಂಡು ಬಂದಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ.

ಚಿತ್ರ ಪೆಲಾಜಿ ಅಮ್ಮನ ಕೋಣೆಗೆ ಬಂತು. ಮುದುಕಿ ಅದನ್ನು ಹಾಸಿಗೆಯ ಎದುರು ತೂಗಿಸಿಕೊಂಡು, ಬಂದವರಿಗೆಲ್ಲ ತೋರಿಸಿ, ನನ್ನ ಮಗಳು ಪಾಸ್ಸಿಯ ಹಾಲು ಕುಡಿದು ಹೇಗೆ ತುಂಬಿಕೊಂಡಿದ್ದಳು ನೋಡಿ ಎನ್ನುತ್ತಿದ್ದಳು. ಮದ್ಮ್ವಾಜೆಲ್ ಆಗಾಗ ಒಂದು ಬುಟ್ಟಿ ಹಿಡಿದು ಅಷ್ಟೂ ಮೆಟ್ಟಿಲು ಹತ್ತಿ ಬರುತ್ತಿದ್ದರು. ಚಿತ್ರಕ್ಕೆ ಬೆನ್ನು ಮಾಡಿ ಕೂರುತ್ತಿದ್ದರು. ಅವರು ಆಮೇಲೆ ಬರೀ ಹಣ್ಣು, ತಟ್ಟೆ, ಮೇಜಿನ ಬಟ್ಟೆ ಇಂಥವನ್ನೇ ಬರೆಯುತ್ತಿದ್ದಾರೆ ಎಂದು ಅಡುಗೆಯವಳಿಂದ ಕೇಳಿದೆ. ಮನುಷ್ಯರನ್ನು ಬರೆಯುವುದು ನಿಲ್ಲಿಸಿದ್ದರು.

ಎರಡು ವರ್ಷದ ಮೇಲೆ ಪೆಲಾಜಿ ಅಮ್ಮನೂ ಹೋದಳು. ಇದ್ದ ಪಾತ್ರೆ ಪಡಗ, ಚಿತ್ರ, ಎಲ್ಲವನ್ನೂ ನನಗೆ ಬಿಟ್ಟಿದ್ದಳು. ಚಿತ್ರವನ್ನು ನನ್ನ ಕೋಣೆಗೆ ಇಳಿಸಿಕೊಂಡ ಕೆಲವು ದಿನಕ್ಕೆ ಮದ್ಮ್ವಾಜೆಲ್ ಬಂದರು. ಬಹಳ ಬಡಕಲಾಗಿದ್ದರು. ಕೂರಲಿಲ್ಲ. ಮೊದಲ ಬಾರಿಗೆ ಚಿತ್ರದ ಎದುರಿಗೇ ನಿಂತರು.

“ಮೆಲಾನಿ, ಇದನ್ನ ನನಗೆ ಸ್ವಲ್ಪ ದಿನ ಕೊಡ್ತೀರಾ? ಮೇಲಿನ ಪದರ ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಹುಷಾರಾಗಿ ಕೆರೆದ್ರೆ ಬರತ್ತೆ. ಕೆಳಗೆ ಅವಳು ಇದ್ದ ಹಾಗೇ ಇದ್ದಾಳೆ.”

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದು ಅವರ ಬದುಕಿನ ಒಳ್ಳೆಯ ಕೆಲಸ, ಮತ್ತೆ ಅಂಥದ್ದು ಬರೆಯಲಾರರು ಎಂಬುದೂ ನನಗೆ ತಿಳಿದಿತ್ತು. ನಿಜ ಹೇಳಬೇಕೆಂದರೆ ನನಗೂ ಆ ಹಳೆಯ ಮುಖವನ್ನು ಇನ್ನೊಮ್ಮೆ ನೋಡುವ ಆಸೆ ಇತ್ತು. ಗುಂಡು ಕೆನ್ನೆಯವಳು ನನಗೆ ಯಾರೂ ಅಲ್ಲ. ಆದರೆ ಅಪೊಲೀನ್ ತನಗಾಗಿ ಒಂದನ್ನು ಬೇಕು ಎಂದು ಕೇಳಿದ್ದು ನಾನು ಕಂಡ ಹಾಗೆ ಅದೊಂದೇ.

“ಬೇಡ ಮದ್ಮ್ವಾಜೆಲ್. ಅವಳು ಕೇಳಿ ಬರೆಸ್ಕೊಂಡಿದ್ದು. ಹೀಗೇ ಇರ್ಲಿ,” ಎಂದೆ.

ಅವರು ಚೌಕಟ್ಟಿನ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದರು. ಎಳೆದುಕೊಂಡು ಹೋಗಿಬಿಡುತ್ತಾರೋ ಎಂದು ಒಂದು ಕ್ಷಣ ನನಗೆ ಅನ್ನಿಸಿತು. ಆಮೇಲೆ ಕೈ ತೆಗೆದು, ಕೈಗವಸು ಹಾಕಿಕೊಂಡು, ಆಗಲಿ ಎಂದರು. ನಾನು ಬಾಗಿಲ ತನಕ ಹೋದೆ. ಅವರು ಗೋಡೆ ಹಿಡಿದುಕೊಂಡು, ವಯಸ್ಸಾದವರ ಹಾಗೆ, ಒಂದೊಂದೇ ಮೆಟ್ಟಿಲು ಇಳಿದು ಹೋದರು.